ಮಣ್ಣಿಗೆ ಲೆಕ್ಕವಿದೆ, ಮನೆಗಿಲ್ಲ

ಬಂಗಾರಪೇಟೆಯಲ್ಲಿ ಕವಲೊಡೆದ ರೈಲುದಾರಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಅಲ್ಲಿಂದ ನಸುಕಿನಲ್ಲಿ ಬೆಂಗಳೂರಿಗೆ ಹೊರಡುವ ರೈಲಿನಲ್ಲಿ ನಾನು ಆರು ವರ್ಷ ಓಡಾಡಿದ್ದೇನೆ. ಟಿಫನ್ ಬಾಕ್ಸನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸುವ ಸೆಕ್ಯುರಿಟಿ ಗಾರ್ಡುಗಳು, ಗಾರ್ಮೆಂಟ್ಸ್ ಹುಡುಗಿಯರು, ಹೌಸ್‌ಕೀಪಿಂಗ್ ಅಕ್ಕಂದಿರು, ಪೇಂಟರುಗಳು ನನ್ನ ಸಹಪ್ರಯಾಣಿಕರು. ಹೋಗಿಬರುವುದಕ್ಕೇ ದಿನಕ್ಕೆ ಐದಾರು ಗಂಟೆ. "ಬೆಂಗಳೂರಲ್ಲೇ ಮನೆ ಮಾಡಬಾರದಾ?" ಎಂದು ಆಫೀಸಿನಲ್ಲಿ ಕೇಳುತ್ತಿದ್ದರು. ಅಡ್ವಾನ್ಸ್ ಯಾರು ಕೊಡುತ್ತಾರೆ ಎಂದು ನಾನು ತಿರುಗಿ ಕೇಳಲಿಲ್ಲ. ನಕ್ಕು ಸುಮ್ಮನಾಗುತ್ತಿದ್ದೆ.

ಕೆಜಿಎಫ್ ಎಂದೊಡನೆ ಸಿನಿಮಾ ಡೈಲಾಗ್ ಹೊಡೆಯುವ ಗೆಳೆಯರ ಮೇಲೆ ನನಗೆ ಕೋಪವಿಲ್ಲ. ನನ್ನ ತಕರಾರು ಬೇರೆ. ನಮ್ಮೂರಿನ ಬಗ್ಗೆ ಬರೆಯುವವರೆಲ್ಲ ಚಿನ್ನದ ಬಗ್ಗೆ ಬರೆಯುತ್ತಾರೆ, ಇಲ್ಲವೇ ಮುಚ್ಚಿದ ಗಣಿಯ ಬಗ್ಗೆ ನಿಟ್ಟುಸಿರು ಬಿಡುತ್ತಾರೆ. ನಾವು ಮಲಗುವ ಮನೆ ಯಾರದು ಎಂದು ಮಾತ್ರ ಯಾರೂ ಕೇಳುವುದಿಲ್ಲ.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಅಗೆತ ಶುರುಮಾಡಿತು. ಉತ್ತರ ಆರ್ಕಾಟಿನಿಂದ ಜನ ಬಂದರು, ಬಹುಪಾಲು ದಲಿತರು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತೆಂದು ಪಠ್ಯಪುಸ್ತಕದಲ್ಲಿ ಹೆಮ್ಮೆಯಿಂದ ಓದುತ್ತೇವೆ. ಅದು ಬಂದದ್ದು ಗಣಿಯ ಯಂತ್ರಗಳಿಗೆ, ಕೂಲಿಯವರ ತಟ್ಟಿ ಗುಡಿಸಲಿಗಲ್ಲ. ಮೂರು ಕಿಲೋಮೀಟರಿಗೂ ಆಳಕ್ಕಿಳಿದು, ಧೂಳು ಕುಡಿದು, ಎಂಟುನೂರು ಟನ್‌ಗೂ ಹೆಚ್ಚು ಚಿನ್ನ ತೆಗೆದವರಿಗೆ ಸಿಕ್ಕಿದ್ದು ಸಾಲುಸಾಲಾದ ಒಂದೊಂದು ಕೋಣೆ. ಅದನ್ನೇ ನಾವು ಲೈನ್ ಎನ್ನುತ್ತೇವೆ.

ಲೈನ್ ಮನೆಯನ್ನು ಕಂಪನಿಯ ಉಪಕಾರವೆಂದು ಹೇಳುವವರಿದ್ದಾರೆ. ಉಪಕಾರವಲ್ಲ, ಅದು ಮೂಗುದಾರ. ಕೆಲಸವಿದ್ದರೆ ಸೂರು, ಕೆಲಸ ಹೋದರೆ ಬೀದಿ ಎಂಬ ಹೆದರಿಕೆಯಿದ್ದರೆ ಕೂಲಿಯವನು ತಲೆಯೆತ್ತುವ ಮುಂಚೆ ಹತ್ತು ಸಲ ಯೋಚಿಸುತ್ತಾನೆ. ಅಮೆರಿಕದ ಕೊಲರಾಡೋದಲ್ಲಿ 1913ರಲ್ಲಿ ಕಲ್ಲಿದ್ದಲು ಗಣಿಯವರು ಮುಷ್ಕರ ಹೂಡಿದಾಗ ಕಂಪನಿಗಳು ಮೊದಲು ಮಾಡಿದ ಕೆಲಸ ಅವರನ್ನು ಕಂಪನಿ ಮನೆಗಳಿಂದ ಹೊರಹಾಕಿದ್ದು. ಲಡ್ಲೋ ಎಂಬಲ್ಲಿ ಅವರು ಡೇರೆ ಹಾಕಿಕೊಂಡರು. 1914ರ ಏಪ್ರಿಲ್ 20ರಂದು ಆ ಡೇರೆಗಳಿಗೂ ಬೆಂಕಿ ಬಿತ್ತು, ಮಕ್ಕಳೂ ಸತ್ತರು.

ನಮ್ಮಲ್ಲಿ ಧಣಿಗಳು ಬದಲಾದರು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್. ಮನೆ ಮಾತ್ರ ಧಣಿಯದಾಗಿಯೇ ಉಳಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮೂಗುದಾರ ಹಿಡಿದಿದ್ದ ಕೈ ಹೋಯಿತು, ಮೂಗುದಾರ ಹೋಗಲಿಲ್ಲ. ಕಾಗದವಿಲ್ಲದ ಮನೆಗಳು ಇಂದಿಗೂ ಸಾಲುಸಾಲಾಗಿವೆ.

ಬಡವರು, ಹಾಗಾಗಿ ಮನೆಯಿಲ್ಲ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಮ್ಯಾಥ್ಯೂ ಡೆಸ್ಮಂಡ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕದ ಮಿಲ್ವಾಕಿ ನಗರದ ಎಂಟು ಬಾಡಿಗೆ ಕುಟುಂಬಗಳ ಜೊತೆ ಓಡಾಡಿ 2016ರಲ್ಲಿ 'ಎವಿಕ್ಟೆಡ್' ಎಂಬ ಪುಸ್ತಕ ಬರೆದರು. ಅದರ ವಾದ ಇದಕ್ಕೆ ತಿರುಗುಮುರುಗು: ಮನೆಯಿಂದ ಹೊರಬೀಳುವುದು ಬಡತನದ ಫಲವಷ್ಟೇ ಅಲ್ಲ, ಕಾರಣವೂ ಹೌದು. ಓದಿದಾಗ ನನಗೆ ಹೊಸದೆನಿಸಲಿಲ್ಲ. ಹೊರಹಾಕಲೇಬೇಕೆಂದಿಲ್ಲ, ಹಾಕಬಹುದು ಎಂಬ ಹೆದರಿಕೆಯೇ ಸಾಕು. ಅಮ್ಮ ಪ್ರತಿ ಮಳೆಗಾಲಕ್ಕೂ ಶೀಟಿನ ಮೇಲೆ ಪ್ಲಾಸ್ಟಿಕ್ ಹೊದಿಸಿ ಕಲ್ಲು ಹೇರುತ್ತಾಳೆ. ಗೋಡೆಯನ್ನಾದರೂ ಕಟ್ಟಿಸೋಣ ಎಂದರೆ, "ನಾಳೆ ಬಿಡು ಅಂದ್ರೆ ಗೋಡೆ ಹೊತ್ಕೊಂಡು ಹೋಗ್ತೀಯಾ?" ಎನ್ನುತ್ತಾಳೆ. ಕಾಗದವಿಲ್ಲದ ಮನೆಗೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಬಡ್ಡಿಯವನು ಕೊಡುತ್ತಾನೆ.

ಬೆಂಗಳೂರಿಗೆ ಹೋಗಿ ನೆಲೆಸಿ ಎನ್ನುವವರು ಈಜಿಪುರವನ್ನು ನೆನೆಸಿಕೊಳ್ಳಲಿ. ಆರ್ಥಿಕವಾಗಿ ಹಿಂದುಳಿದವರಿಗೆಂದು ಪಾಲಿಕೆಯೇ ಕಟ್ಟಿಸಿದ್ದ ವಸತಿ ಅದು. ಆ ನೆಲದಲ್ಲಿ ಮಾಲ್‌ಗೂ ಜಾಗ ಕೊಡುವ ಯೋಜನೆಗಾಗಿ 2013ರ ಜನವರಿಯಲ್ಲಿ ಅಲ್ಲಿದ್ದ ಸಾವಿರಾರು ಜನರನ್ನು ಜೆಸಿಬಿ ತಂದು ಎಬ್ಬಿಸಿದರು. ಊರಿನಲ್ಲಿ ಕಾಗದವಿಲ್ಲ, ನಗರದಲ್ಲಿ ನೆಲವಿಲ್ಲ. ನಡುವೆ ರೈಲೊಂದೇ ನಮ್ಮದು.

ಜಾಗ ಕೇಂದ್ರದ್ದು, ಕೆಳಗೆ ಖನಿಜವಿದೆ, ಕಾನೂನು ತೊಡಕಿದೆ ಎಂಬ ಉತ್ತರ ನನಗೂ ಗೊತ್ತು. ಆದರೆ ಮನಸ್ಸಿದ್ದಾಗ ತೊಡಕು ಬಿಡಿಸಿದ ಉದಾಹರಣೆ ಇದೇ ರಾಜ್ಯದಲ್ಲಿದೆ. ತಾಂಡಾ, ಗೊಲ್ಲರಹಟ್ಟಿ, ಹಾಡಿಗಳಂಥ ದಾಖಲೆಯಿಲ್ಲದ ವಸತಿಗಳಿಗಾಗಿ ಭೂ ಸುಧಾರಣಾ ಕಾಯ್ದೆಯನ್ನೇ ತಿದ್ದಲಾಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳ ಹಕ್ಕುಪತ್ರಕ್ಕೆ ಪ್ರಧಾನಿಯೇ ಬಂದರು. ಅದು ಆಗಬೇಕಾದದ್ದೇ. ಹಟ್ಟಿಗೆ ಸಲ್ಲುವ ನ್ಯಾಯ ಲೈನಿಗೇಕೆ ಸಲ್ಲಬಾರದು? ಖನಿಜ ಸರ್ಕಾರವೇ ಇಟ್ಟುಕೊಳ್ಳಲಿ. ನಾವು ಕೇಳುತ್ತಿರುವುದು ಮೇಲಿನ ನೂರು ಚದರಡಿ.

ಗಣಿಯ ಕಸ ನಮ್ಮೂರಲ್ಲಿ ಬೂದುಬಣ್ಣದ ಗುಡ್ಡಗಳಾಗಿ ನಿಂತಿದೆ. ನಾವು ಸಯನೈಡ್ ದಿಬ್ಬ ಎನ್ನುತ್ತೇವೆ. ಗಾಳಿ ಬೀಸಿದರೆ ಆ ಪುಡಿ ಅನ್ನದ ತಟ್ಟೆಗೆ ಬೀಳುತ್ತದೆ. ಅದರಲ್ಲೂ ಒಂದಿಷ್ಟು ಚಿನ್ನ ಉಳಿದಿದೆಯಂತೆ. 2024ರಲ್ಲಿ ರಾಜ್ಯ ಸಂಪುಟ ಅದನ್ನು ಗಣಿಗಾರಿಕೆಗೆ ಕೊಡಲು ಒಪ್ಪಿತು: 13 ದಿಬ್ಬ, 1,003 ಎಕರೆ. ದಿಬ್ಬಗಳನ್ನು ಎಣಿಸಿದರು, ಅಳೆದರು, ಫೈಲಿಗೇರಿಸಿದರು. ಗಣಿಯ ಕಸವನ್ನು ಇಷ್ಟು ಚೊಕ್ಕವಾಗಿ ಅಳೆಯಬಲ್ಲ ಸರ್ಕಾರಕ್ಕೆ ಗಣಿಯವರ ಮನೆ ಅಳೆಯಲು ಟೇಪು ಸಿಗುವುದಿಲ್ಲವೆಂದರೆ ನಾನು ನಂಬುವುದಿಲ್ಲ.

ಹೊಸ ಕಂಪನಿ ಬಂದರೆ ಕೆಲಸ ಸಿಗುತ್ತದೆ, ಆಮೇಲೆ ಮನೆ ನೋಡೋಣ ಎನ್ನುತ್ತಾರೆ. ಆ ಮಾತನ್ನು ನಮ್ಮ ಮುತ್ತಜ್ಜನಿಗೂ ಹೇಳಿದ್ದರು. ಈ ಸಲ ಸರದಿ ಬದಲಾಗಲಿ. ದಿಬ್ಬಕ್ಕೆ ಕೈಹಾಕುವ ಮುಂಚೆ ಲೈನಿಗೆ ಬನ್ನಿ, ಮನೆಮನೆ ಅಳೆಯಿರಿ, ಇರುವವರ ಹೆಸರಿಗೆ, ಅದರಲ್ಲೂ ಹೆಂಗಸರ ಹೆಸರಿಗೆ, ಹಕ್ಕುಪತ್ರ ಬರೆಯಿರಿ. ಅಮ್ಮ ಗೋಡೆ ಕಟ್ಟಿಸುತ್ತಾಳೋ ಇಲ್ಲವೋ, ಅದು ಅವಳ ಇಷ್ಟ.