ಕತ್ತರಿ ಆಡಿಸಿದ್ದೆಲ್ಲ ಕಾಯಿಲ್ ಅಲ್ಲ ಸ್ವಾಮಿ!

ಮೇಲೂ ಕೆಳಗೂ ಹಲ್ಲಿಲ್ಲದ ಅಮೆರಿಕದ ಹಳೇ ಅಂಚೆಚೀಟಿಯೊಂದು ಕಂಡರೆ ಸಾಕು, ನಮ್ಮ ಸಂಗ್ರಾಹಕರಲ್ಲಿ ಕೆಲವರಿಗೆ ಮೈಮೇಲೆ ದೇವರು ಬಂದ ಹಾಗಾಗುತ್ತದೆ. "ಕಾಯಿಲ್ ಸಾರ್, ಕಾಯಿಲ್! ಸ್ಕಾಟ್ 388!" ಆನ್‌ಲೈನ್ ಹರಾಜಿನಲ್ಲಂತೂ ಇದು ಜಾತ್ರೆಯ ಬತ್ತಾಸಿನಷ್ಟು ಸಲೀಸು. ಮಸುಕು ಫೋಟೋ, ಹಿಂಬದಿಯ ಚಿತ್ರ ಇಲ್ಲ, ಕೆಳಗೆ ಒಂದು ಸಾಲು: "ನನಗೆ ಇದರಲ್ಲಿ ಪರಿಣತಿ ಇಲ್ಲ, ಇದ್ದದ್ದನ್ನು ಇದ್ದ ಹಾಗೆ ಮಾರುತ್ತಿದ್ದೇನೆ." ಅಲ್ಲಾ, ಪರಿಣತಿ ಇಲ್ಲದವರಿಗೆ 388 ಅನ್ನೋ ನಂಬರ್ ಮಾತ್ರ ಅಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತಾಯ್ತು?

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹಾಳೆಯ ಬದಲು ಸುರುಳಿಯಾಗಿ ಬರುವ ಅಂಚೆಚೀಟಿಗೆ ಕಾಯಿಲ್ ಅನ್ನುತ್ತಾರೆ. ಚೀಟಿ ಮಾರುವ ಯಂತ್ರಗಳಿಗೆ, ರಾಶಿ ರಾಶಿ ಲಕೋಟೆ ಕಳಿಸುವ ಕಂಪನಿಗಳಿಗೆ ಬೇಕು ಅಂತ ಅಮೆರಿಕ ಸರ್ಕಾರ 1908ರಲ್ಲಿ ಇವನ್ನು ಮಾಡತೊಡಗಿತು. ಆಗಿನ ಕೆಲಸ ಕೈಕೆಲಸವೇ. ಒಂದು ದಿಕ್ಕಿಗೆ ಮಾತ್ರ ತೂತು ಹೊಡೆದ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಉದ್ದುದ್ದಕ್ಕೆ ಸೀಳಿ, ಸುತ್ತಿಡುತ್ತಿದ್ದರು. ಹಾಗಾಗಿ ಕಾಯಿಲ್ ಚೀಟಿಗೆ ಎರಡು ಅಂಚಿನಲ್ಲಿ ಹಲ್ಲು, ಇನ್ನೆರಡು ಅಂಚು ನುಣ್ಣಗೆ.

ತೊಂದರೆ ಶುರುವಾಗುವುದೇ ಇಲ್ಲಿ. ಆ ಕಾಲದ ವಾಷಿಂಗ್‌ಟನ್-ಫ್ರಾಂಕ್ಲಿನ್ ಸರಣಿಯಲ್ಲಿ ಹಾಳೆಯ ಚೀಟಿಗೂ ಕಾಯಿಲ್ ಚೀಟಿಗೂ ಮುಖ ಒಂದೇ, ಬಣ್ಣ ಒಂದೇ, ಕಾಗದವೂ ಒಂದೇ. ಎರಡು ಸೆಂಟಿನ ಕೆಂಪು ವಾಷಿಂಗ್‌ಟನ್, ನಾಲ್ಕೂ ಕಡೆ 12ರ ಅಳತೆಯ ಹಲ್ಲು, ಅಂದರೆ ಎರಡು ಸೆಂಟಿಮೀಟರಿಗೆ 12 ತೂತು, ಒಂಟಿಗೆರೆಯ ನೀರುಗುರುತು: ಇದು ಸ್ಕಾಟ್ 375. ಬಳಸಿದ ಚೀಟಿಯಾದರೆ ಚಿಲ್ಲರೆ ಕಾಸಿನದು. ಅದೇ ಚೀಟಿ ಎಡಬಲಕ್ಕೆ ಮಾತ್ರ ಹಲ್ಲಿದ್ದು, ಮೇಲೆ ಕೆಳಗೆ ಸಾಪಾಗಿದ್ದರೆ ಸ್ಕಾಟ್ 388. ಕ್ಯಾಟಲಾಗಿನಲ್ಲಿ ಅದರ ಬೆಲೆ ಸಾವಿರ ಡಾಲರಿನ ಆಚೆ. ಎರಡರ ನಡುವೆ ಇರುವುದು ಒಂದು ಕತ್ತರಿ ಅಷ್ಟೇ!

ಹಾಗಾದರೆ ಕಂಡುಹಿಡಿಯುವುದು ಹೇಗೆ? ನಿಜವಾದ ಕಾಯಿಲ್ ಸೀಳುವಾಗ ಚಾಕು ಎರಡು ಚೀಟಿಗಳ ನಡುವಿನ ಖಾಲಿ ಜಾಗದ ಮಧ್ಯದಲ್ಲಿ ಹಾಯುತ್ತದೆ. ಕಳ್ಳ ಕತ್ತರಿ ಹಾಗಲ್ಲ, ತೂತಿನ ಗುರುತೇ ಉಳಿಯದ ಹಾಗೆ ಇನ್ನಷ್ಟು ಒಳಗೆ ಬರಬೇಕು. ಆದ್ದರಿಂದ ಚೀಟಿ ಗಿಡ್ಡವಾಗುತ್ತದೆ. ಗಟ್ಟಿಯಾಗಿ ಕಾಯಿಲ್ ಅಂತ ಗೊತ್ತಿರುವ ಒಂದು ಅಗ್ಗದ ಚೀಟಿಯನ್ನು ಪಕ್ಕಕ್ಕಿಟ್ಟು ನೋಡಿದರೆ ಎಷ್ಟೋ 'ಅಪರೂಪ'ಗಳ ಬಣ್ಣ ಅಲ್ಲೇ ಬಯಲು. ಆದರೆ ಹಾಳೆಯಲ್ಲೇ ಅಗಲ ಅಂಚಿರುವ ಚೀಟಿ ಸಿಕ್ಕರೆ ಕತ್ತರಿಯವನಿಗೆ ಹಬ್ಬ. ಇನ್ನೊಂದು ದಾರಿಯೂ ಇದೆ: ಹಲ್ಲೇ ಇಲ್ಲದ 384ನೇ ನಂಬರಿನ ಚೀಟಿ ತಂದು ಎಡಬಲಕ್ಕೆ ತೂತು ಹೊಡೆಯುವುದು. ಎತ್ತರ ಸರಿ, ನೀರುಗುರುತು ಸರಿ, ತೂತು ಮಾತ್ರ ಸುಳ್ಳು. ಇದನ್ನು ಸ್ಕೇಲಿನಲ್ಲಿ ಹಿಡಿಯಲಾಗದು.

ಮೂರು ಸೆಂಟಿನ 389 ಇದಕ್ಕಿಂತ ರುಚಿಯಾದ ಕಥೆ. 1911ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೆಂಜ್‌ಬರ್ಗ್ ಅನ್ನುವ ಊರಿನ ಔಷಧಿ ಕಂಪನಿಯೊಂದು ತನ್ನ ಮಾದರಿ ಔಷಧಿ ಕಳಿಸಲು ಬಳಸಿದ ಚೀಟಿ ಅದು. ಅದಕ್ಕೇ 'ಆರೆಂಜ್‌ಬರ್ಗ್ ಕಾಯಿಲ್' ಅಂತ ಹೆಸರು. ಸಂಗ್ರಾಹಕರಿಗೆ ಸುದ್ದಿ ತಿಳಿಯುವ ಹೊತ್ತಿಗೆ ಬಹುಪಾಲು ಲಕೋಟೆಗಳು ಕಸದ ಬುಟ್ಟಿ ಸೇರಿದ್ದವು. ಹಲ್ಲಿಲ್ಲದ ಮೂರು ಸೆಂಟಿನ ಚೀಟಿ, 345, ಜೋಡಿಗೆರೆಯ ನೀರುಗುರುತಿನ ಕಾಗದದಲ್ಲಿ ಬಂದದ್ದು. ಆರೆಂಜ್‌ಬರ್ಗ್‌ದು ಒಂಟಿಗೆರೆ. ಹಾಗಾಗಿ 345ಕ್ಕೆ ತೂತು ಹೊಡೆದು 389 ಅಂತ ಮಾರುವವನನ್ನು ನೀರುಗುರುತು ನೋಡುವ ದ್ರವದ ನಾಲ್ಕು ಹನಿ ಬಯಲಿಗೆಳೆಯುತ್ತವೆ. ಅಷ್ಟು ಸುಲಭ. ಆದರೂ ಮಾರುತ್ತಾರೆ, ಕೊಳ್ಳುತ್ತಾರೆ!

1914ರಿಂದ ಸ್ಟಿಕ್ನಿಯ ರೋಟರಿ ಯಂತ್ರ ಬಂತು. ಅಚ್ಚಿನ ಫಲಕವನ್ನು ಬಗ್ಗಿಸಿ ಉರುಳೆಗೆ ಕೂರಿಸುವುದರಿಂದ ಬಗ್ಗಿದ ದಿಕ್ಕಿನಲ್ಲಿ ಚಿತ್ರ ಹಿಗ್ಗುತ್ತದೆ. ಚಪ್ಪಟೆ ಫಲಕದ ಚಿತ್ರ ಹದಿನೆಂಟೂವರೆ, ಹತ್ತೊಂಬತ್ತು ಮಿಲಿಮೀಟರ್ ಅಗಲವಿದ್ದರೆ ಅಡ್ಡ ಸುರುಳಿಯ ರೋಟರಿ ಚಿತ್ರ ಹತ್ತೊಂಬತ್ತೂವರೆಯಿಂದ ಇಪ್ಪತ್ತು. ಇಲ್ಲಿ ಹಲ್ಲೆಣಿಸಿದರೆ ಏನೂ ಸಿಗದು, ಎರಡಕ್ಕೂ 10ರ ಅಳತೆಯೇ. ಹರಿದುಹೋದ ಚಪ್ಪಟೆ ಅಚ್ಚಿನ ಚೀಟಿಯೊಂದನ್ನು ಚಿತ್ರದ ಅಂಚಿಗೆ ಕತ್ತರಿಸಿ ಇಟ್ಟುಕೊಳ್ಳಿ, ಮೇಲಿಟ್ಟು ನೋಡಿ, ಒಂದು ನಿಮಿಷದ ಕೆಲಸ. (ಕತ್ತರಿಗೆ ಇದೊಂದೇ ಮರ್ಯಾದಸ್ಥ ಉಪಯೋಗ.) ಚಪ್ಪಟೆ ಅಚ್ಚಿನದರ ಬೆನ್ನಿಗೆ ಎಷ್ಟೋ ಸಲ ಶಾಯಿಯ ಚುಕ್ಕೆಗಳೂ ಮೆತ್ತಿರುತ್ತವೆ, ಹಸಿ ಹಾಳೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಸುಮ್ಮನಿರುವ ಹಿರಿಯರ ಮೇಲೆಯೇ ನನಗೆ ಹೆಚ್ಚು ಸಿಟ್ಟು. ನನಗೆ ಪರಿಚಯದ ಹುಡುಗನೊಬ್ಬ, ಟ್ಯೂಷನ್ ಹೇಳಿ ಉಳಿಸಿದ ಏಳು ಸಾವಿರ ರೂಪಾಯಿ ಕೊಟ್ಟು ಇಂಥದ್ದೊಂದು 388 ಕೊಂಡ. ತಂದು ತೋರಿಸಿದ. ಎತ್ತರ ಕಮ್ಮಿ, ಒಂದು ಅಂಚು ಸೊಟ್ಟ. ಮಾರಿದವನು "ಮಾರಿದ ಮಾಲು ವಾಪಸ್ ಇಲ್ಲ" ಅಂದ. ಅವನು ಹಾಗನ್ನುವುದು ಸಹಜ. ಆದರೆ ನಾಲ್ಕು ದಶಕ ಚೀಟಿ ಕೂಡಿಹಾಕಿದ ದೊಡ್ಡವರೊಬ್ಬರು "ಹವ್ಯಾಸ ಅಂದ್ಮೇಲೆ ಇದೆಲ್ಲ ಇದ್ದದ್ದೇ ಕಣಪ್ಪ, ಕಲಿಕೆಯ ಫೀಸು ಅಂದ್ಕೋ" ಅಂದರು. ಫೀಸು ಯಾರಿಗೆ ಹೋಯ್ತು ಸಾರ್? ಕಲಿಸಿದವರಿಗೋ, ಕತ್ತರಿಸಿದವನಿಗೋ? ಆ ಹುಡುಗ ಆಲ್ಬಮ್ ಮುಚ್ಚಿ ಅಟ್ಟಕ್ಕೆ ಹಾಕಿದ್ದಾನೆ. ಹೊಸಬರು ಬರುತ್ತಿಲ್ಲ ಅಂತ ಗೋಳಾಡುವವರೂ ಇದೇ ದೊಡ್ಡವರು!

"ಒಂಟಿ ಬೇಡ, ಜೋಡಿ ತಗೊಳ್ಳಿ" ಅನ್ನುವ ಹಳೇ ಉಪದೇಶವೂ ಪೂರ್ತಿ ಕಾಯುವುದಿಲ್ಲ. ಹಾಳೆಯಿಂದ ಅಕ್ಕಪಕ್ಕದ ಎರಡು ಚೀಟಿ ಹರಿದು ಮೇಲೆ ಕೆಳಗೆ ಅದೇ ಕತ್ತರಿ ಆಡಿಸಿದರೆ ಜೋಡಿಯೂ ಸಿದ್ಧ. ಅಳೆಯಲು ಹೆಚ್ಚು ಜಾಗ ಸಿಗುತ್ತದೆ, ಅಷ್ಟು ಲಾಭ.

ಪ್ರಮಾಣಪತ್ರ ದುಬಾರಿ, ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಶನ್‌ಗೆ ಬೆಂಗಳೂರಿನಿಂದ ಯಾರು ಕಳಿಸುತ್ತಾರೆ ಅಂತ ಕೇಳುತ್ತಾರೆ. ಒಪ್ಪಿದೆ. ಹತ್ತು ಡಾಲರಿನ ಚೀಟಿಗೆ ಯಾರೂ ಕೇಳುವುದೂ ಇಲ್ಲ. ಆದರೆ ಸಾವಿರ ಡಾಲರಿನ ಹೆಸರು ಹೇಳಿ ದುಡ್ಡು ಕೇಳುವವನು ಆ ಖರ್ಚು ತಾನೇ ಹಾಕಬೇಕು. ಇಲ್ಲವೇ "375, ಅಂಚು ಕತ್ತರಿಸಿರಬಹುದು" ಅಂತ ಬರೆದು ಮಾರಲಿ. ಕೊಳ್ಳುವವರೂ ಅಷ್ಟೇ. ಆಲ್ಬಮ್ಮಿನವರು 388 ಅಂತ ಚೌಕ ಅಚ್ಚು ಹಾಕಿದ್ದಾರೆ ಅಂತ ಅದನ್ನು ತುಂಬಿಸಲೇಬೇಕೇ? ಸುಳ್ಳು ಚೀಟಿಗಿಂತ ಖಾಲಿ ಚೌಕ ನೋಡಲು ಎಷ್ಟೋ ಚೆಂದ.

ಇನ್ಮೇಲೆ ನನಗೆ ಯಾರಾದರೂ 388 ತೋರಿಸಿದರೆ ಕೇಳುವುದು ನಾಲ್ಕೇ: ಬೆನ್ನಿನ ಫೋಟೋ, ನೀರುಗುರುತು, ಮಿಲಿಮೀಟರಿನಲ್ಲಿ ಎತ್ತರ, ಪ್ರಮಾಣಪತ್ರ. ನಾಲ್ಕಕ್ಕೂ ಮೌನವಾದರೆ ಅದು ಕತ್ತರಿಸಿದ 375. ಐದು ರೂಪಾಯಿ ಕೊಡ್ತೀನಿ, ಕೊಡ್ತೀರಾ?