ಕಾರು ನಮ್ಮದು, ಕೀ ಯಾರದು?



ಕಳೆದ ಮಳೆಗಾಲದಲ್ಲಿ ನನ್ನ ಕಾರಿನ ಕೀ ಕಳೆದುಹೋಯಿತು. ಸೆಕೆಂಡ್ ಹ್ಯಾಂಡ್ ಕಾರು. ಕೊಳ್ಳುವಾಗ ಒಂದೇ ಕೀ ಕೊಟ್ಟಿದ್ದರು, ಇನ್ನೊಂದು ಎಲ್ಲಿ ಎಂದು ನಾನೂ ಕೇಳಿರಲಿಲ್ಲ. ಕಾಸರಗೋಡಿನಲ್ಲಿ ಕೀ ಮಾಡಿಕೊಡುವವರೊಬ್ಬರು ಮನೆಗೇ ಬಂದು ಬಾಗಿಲಿನ ಬೀಗ ನೋಡಿ ಒಂದೇ ಮಧ್ಯಾಹ್ನದಲ್ಲಿ ಹೊಸ ಕೀ ಕತ್ತರಿಸಿ ಕೊಟ್ಟರು. ಬಾಗಿಲು ತೆರೆಯಿತು, ಸ್ಟೀರಿಂಗ್ ತಿರುಗಿತು, ಇಂಜಿನ್ ಮಾತ್ರ ಸ್ಟಾರ್ಟ್ ಆಗಲಿಲ್ಲ. ಕೊನೆಗೆ ಗಾಡಿಯನ್ನು ಟೋ ಮಾಡಿಸಿ, ತಲಪಾಡಿ ದಾಟಿಸಿ, ಮಂಗಳೂರಿನ ಸರ್ವಿಸ್ ಸೆಂಟರಿಗೆ ಒಯ್ದೆವು. ಆರ್‌ಸಿ ತೋರಿಸಿ, ಗುರುತಿನ ಚೀಟಿಯ ನಕಲು ಕೊಟ್ಟು, ಅರ್ಜಿ ಬರೆದು ಒಂಬತ್ತು ದಿನ ಕಾದೆ. ಬಿಲ್ಲು 11,800 ರೂಪಾಯಿ. ಅಷ್ಟರಲ್ಲಿ ಪತ್ನಿಯನ್ನು ನಾಲ್ಕು ಸಲ ಬಾಡಿಗೆ ಗಾಡಿಯಲ್ಲಿ ಡಯಾಲಿಸಿಸಿಗೆ ಕರೆದೊಯ್ಯಬೇಕಾಯಿತು. ನಮ್ಮದೇ ಕಾರು ಇದ್ದೂ ಇಲ್ಲದಂತೆ.

ಈ ಸಂಗತಿಯನ್ನು ಅಮೆರಿಕದಲ್ಲಿರುವ ಅಕ್ಕನ ಮಗನಿಗೆ ಫೋನಿನಲ್ಲಿ ಹೇಳಿದೆ. "ಮಾವಾ, ನಾನು ನನ್ನ ಹಳೆಯ ಫೋರ್ಡ್ ಕಾರಿಗೆ ಮನೆಯ ಅಂಗಳದಲ್ಲೇ ಕೀ ಸೇರಿಸಿಕೊಂಡೆ, ಐದು ನಿಮಿಷವೂ ಹಿಡಿಯಲಿಲ್ಲ" ಎಂದ. ಅಲ್ಲಿ ಐದು ನಿಮಿಷದ ಕೆಲಸಕ್ಕೆ ಇಲ್ಲಿ ಒಂಬತ್ತು ದಿನ ಏಕೆ? ಗುಮಾಸ್ತನಾಗಿದ್ದವನಿಗೆ ಇಂಥ ಪ್ರಶ್ನೆ ಹೊಕ್ಕರೆ ನಿದ್ದೆ ಬಾರದು. ವಿಚಾರಿಸಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಈಗಿನ ರಿಮೋಟ್ ಕೀಯೊಳಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಗುಂಡಿ ಒತ್ತಿದಾಗ ರೇಡಿಯೋ ಸಂಕೇತದಿಂದ ಬಾಗಿಲು ತೆರೆಯುವುದು. ಇದಕ್ಕೆ ಸೆಲ್ ಬೇಕು, ಮತ್ತು ಪ್ರತಿ ಸಲ ಒತ್ತಿದಾಗಲೂ ಸಂಕೇತ ಬದಲಾಗುತ್ತದೆ. ಎರಡನೆಯದು ಇಮ್ಮೊಬಿಲೈಸರ್ ಚಿಪ್. ಅಕ್ಕಿಕಾಳಿನಿಂದ ಕಡಲೆಬೇಳೆಯಷ್ಟು ಗಾತ್ರದ ಈ ಚಿಪ್ಪಿಗೆ ಸೆಲ್ ಬೇಡ. ಇಗ್ನಿಷನ್ ಬಳಿಯ ಸುರುಳಿಯಿಂದಲೇ ಅದು ಶಕ್ತಿ ಪಡೆಯುತ್ತದೆ. ಅದು ಕೊಡುವ ಉತ್ತರ ಕಾರಿನ ಕಂಪ್ಯೂಟರಿನ ಲೆಕ್ಕಕ್ಕೆ ತಾಳೆಯಾದರೆ ಮಾತ್ರ ಇಂಜಿನ್ ಓಡುತ್ತದೆ. ನನ್ನ ಹೊಸ ಕೀ ಬೀಗಕ್ಕೆ ಸರಿಯಾಗಿತ್ತು, ಕಂಪ್ಯೂಟರಿನ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. 'ಪ್ರೋಗ್ರಾಂ ಮಾಡುವುದು' ಎಂದರೆ ಆ ಪಟ್ಟಿಗೆ ಹೆಸರು ಸೇರಿಸುವುದು, ಅಷ್ಟೇ.

ಪಟ್ಟಿಗೆ ಹೆಸರು ಸೇರಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದೇ ಮುಖ್ಯ ಪ್ರಶ್ನೆ. ಅಮೆರಿಕದಲ್ಲಿ ಮಾರಾಟವಾದ ಹಲವು ಹಳೆಯ ಫೋರ್ಡ್ ಕಾರುಗಳಲ್ಲಿ ಮಾಲೀಕನಿಗೇ ಆ ಅವಕಾಶವಿತ್ತು. ಪಟ್ಟಿಯಲ್ಲಿರುವ ಎರಡು ಕೀಗಳನ್ನು ಒಂದಾದ ಮೇಲೊಂದು ಹಾಕಿ ಕೆಲವು ಸೆಕೆಂಡು ಆನ್ ಮಾಡಿ ತೆಗೆಯಬೇಕು. ತಕ್ಷಣ ಮೂರನೆಯ ಹೊಸ ಕೀ ಹಾಕಿ ಆನ್ ಮಾಡಿದರೆ ಅದೂ ಸೇರಿಕೊಳ್ಳುತ್ತದೆ. ಎರಡು ಕೀ ಇರುವವನು ಮಾಲೀಕನೇ ಇರಬೇಕು ಎಂಬ ತರ್ಕ. ಒಂದೇ ಕೀ ಇದ್ದವನಿಗೆ ಅಲ್ಲೂ ಈ ದಾರಿ ಇಲ್ಲ. ಜನರಲ್ ಮೋಟಾರ್ಸ್‌ನ ಕೆಲವು ಹಳೆಯ ಗಾಡಿಗಳಲ್ಲಿ ಕೀ ಆನ್ ಮಾಡಿ ಹತ್ತು ನಿಮಿಷ ಕಾಯುವುದನ್ನು ಮೂರು ಬಾರಿ ಮಾಡಿದರೆ ಕೆಲಸ ಮುಗಿಯುತ್ತಿತ್ತು. ಕಳ್ಳ ಅರ್ಧ ಗಂಟೆ ಕಾಯಲಾರ ಎಂಬ ಲೆಕ್ಕಾಚಾರ! ನಮ್ಮಲ್ಲಿ ಓಡುವ ಹೆಚ್ಚಿನ ಕಾರುಗಳಿಗೆ ಸ್ಕ್ಯಾನರ್ ಯಂತ್ರವೂ ಬೇಕು, ಹಲವಕ್ಕೆ ಕಂಪನಿಯ ಬಳಿಯಿರುವ ರಹಸ್ಯ ಸಂಖ್ಯೆಯೂ ಬೇಕು.

ಕಂಪನಿಗಳ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಇಮ್ಮೊಬಿಲೈಸರ್ ಬಂದ ಮೇಲೆ ತಂತಿ ಜೋಡಿಸಿ ಕಾರು ಕದಿಯುವುದು ಕಷ್ಟವಾಯಿತು. ಐರೋಪ್ಯ ಒಕ್ಕೂಟ 1998ರಲ್ಲಿ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದ್ದೂ ಇದಕ್ಕಾಗಿಯೇ. ರಹಸ್ಯ ಸಂಖ್ಯೆ ಸಂತೆಯಲ್ಲಿ ಸಿಗುವಂತಾದರೆ ಲಾಭ ಕಳ್ಳನಿಗೆ. ಆದರೆ 'ಯಾರಿಗೂ ಕೊಡಬಾರದು' ಎನ್ನುವುದಕ್ಕೂ 'ನಮ್ಮ ಸರ್ವಿಸ್ ಸೆಂಟರಿಗೆ ಮಾತ್ರ ಕೊಡುತ್ತೇವೆ' ಎನ್ನುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಭದ್ರತೆ, ಎರಡನೆಯದು ವ್ಯಾಪಾರ.

ನಮ್ಮ ಕಚೇರಿಯ ದಾಖಲೆ ಕೋಣೆಯ ಕ್ರಮವನ್ನೇ ನೋಡಿ. ಮೂಲ ದಾಖಲೆ ಕಚೇರಿಯಲ್ಲೇ ಇರುತ್ತದೆ. ಹಕ್ಕುಳ್ಳವನು ಅರ್ಜಿ ಹಾಕಿ, ಗುರುತು ತೋರಿಸಿ, ಶುಲ್ಕ ಕಟ್ಟಿದರೆ ದೃಢೀಕೃತ ನಕಲು ಕೊಡುತ್ತೇವೆ. ಯಾರಿಗೆ, ಯಾವಾಗ ಕೊಟ್ಟೆವು ಎಂದು ರಿಜಿಸ್ಟರಿನಲ್ಲಿ ನಮೂದಿಸುತ್ತೇವೆ. ಭದ್ರತೆಯೂ ಉಳಿಯಿತು, ಹಕ್ಕೂ ಉಳಿಯಿತು. ಕೀ ವಿಷಯದಲ್ಲೂ ಇದು ಸಾಧ್ಯವೆಂದು ಇತರರು ತೋರಿಸಿದ್ದಾರೆ. ಅಮೆರಿಕದಲ್ಲಿ ಪೂರ್ವಾಪರ ಪರಿಶೀಲಿಸಿ ನೋಂದಾಯಿಸಿದ ಬೀಗದ ಕೆಲಸಗಾರರು ಕಂಪನಿಗಳಿಂದ ಕೀ ಸಂಖ್ಯೆಯನ್ನು ಪಡೆಯಬಹುದು; ಪ್ರತಿ ಕೆಲಸಕ್ಕೂ ಲೆಕ್ಕವಿಡಬೇಕು. 2012ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ವಾಹನ ದುರಸ್ತಿಯ ಹಕ್ಕಿನ ಕಾಯ್ದೆ ಮಾಡಿದಾಗಲೂ ಭದ್ರತೆಯ ಮಾಹಿತಿಗೆ ಇದೇ ದಾರಿಯನ್ನು ಒಪ್ಪಿಕೊಂಡಿತು. ಯುರೋಪಿನಲ್ಲೂ 'ಸರ್ಮಿ' ಎಂಬ ಹೆಸರಿನಲ್ಲಿ ಇಂಥದೇ ವ್ಯವಸ್ಥೆ ಇದೆ.

ನಮ್ಮ ದೇಶದಲ್ಲಿ? 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಬಿಡಿಭಾಗಗಳನ್ನೂ ತಪಾಸಣಾ ಯಂತ್ರಗಳನ್ನೂ ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ತಡೆದಿದ್ದಾರೆ ಎಂಬುದು ಆರೋಪ. ಆದೇಶದ ಬೆನ್ನಿಗೇ ಮೇಲ್ಮನವಿಗಳು ಬಂದವು, ವರ್ಷಗಳು ಉರುಳಿದವು. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದರ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಒಂದು. ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಪೋರ್ಟಲ್ ಮಾಹಿತಿ ಕೊಡುತ್ತದೆ, ಹಕ್ಕು ಕೊಡುವುದಿಲ್ಲ. ಸಮಿತಿಗೂ ಕಾಯ್ದೆಗೂ ನಡುವಿನ ದೂರ ಎಷ್ಟೆಂದು ಕಡತ ಹೊತ್ತವರಿಗೆ ಗೊತ್ತು.

ಈ ವಿಳಂಬದ ಭಾರ ಹೆಚ್ಚಾಗಿ ಬೀಳುವುದು ನಮ್ಮಂಥ ಊರುಗಳ ಮೇಲೆ. ಬೆಂಗಳೂರಿನವರಿಗೆ ಸರ್ವಿಸ್ ಸೆಂಟರ್ ಪಕ್ಕದ ರಸ್ತೆಯಲ್ಲಿರುತ್ತದೆ. ತಾಳವಾಡಿಯವರು ಚಾಮರಾಜನಗರಕ್ಕೆ ಬರಬೇಕು, ಇಲ್ಲವೇ ದಿಂಬಂ ಘಾಟಿ ಇಳಿಯಬೇಕು. ಜತ್ತದ ಸದಸ್ಯರದೂ ಇದೇ ಪಾಡು. ಊರಿನ ಮೆಕ್ಯಾನಿಕ್‌ಗೆ ಕೈಚಳಕವಿದ್ದರೂ ಅನುಮತಿಯಿಲ್ಲ. ಹಾಗಾಗಿ ಆ ಕೆಲಸ ಒಂದೋ ದೂರಕ್ಕೆ ಹೋಗುತ್ತದೆ, ಇಲ್ಲವೇ ಲೆಕ್ಕಪತ್ರವಿಲ್ಲದ ಕಳ್ಳ ಸ್ಕ್ಯಾನರಿಗೆ ಹೋಗುತ್ತದೆ. ಎರಡನೆಯದರಿಂದ ಭದ್ರತೆಗೇ ಪೆಟ್ಟು.

ಕಾಯ್ದೆ ಬರುವ ತನಕ ನಾವು ಮಾಡಬಹುದಾದ್ದು ಇಷ್ಟು:

1. ಒಂದೇ ಕೀ ಇದ್ದರೆ ಈಗಲೇ ಎರಡನೆಯದನ್ನು ಮಾಡಿಸಿ. ಒಂದು ಕೀ ಕೈಯಲ್ಲಿರುವಾಗ ಆಗುವ ಖರ್ಚಿಗೂ ಎಲ್ಲ ಕಳೆದ ಮೇಲಿನ ಖರ್ಚಿಗೂ ಬಹಳ ಅಂತರವಿದೆ.

2. ಹೊಸ ಕಾರಿನ ಜೊತೆ ಕೀ ಸಂಖ್ಯೆಯ ಸಣ್ಣ ಬಿಲ್ಲೆ ಬಂದಿದ್ದರೆ ಅದನ್ನು ಮನೆಯಲ್ಲಿ ಆರ್‌ಸಿಯ ನಕಲಿನೊಂದಿಗೆ ಇಡಿ, ಕೀ ಗೊಂಚಲಿಗೆ ಕಟ್ಟಬೇಡಿ. ಹಳೆಯ ಕಾರು ಕೊಳ್ಳುವವರು ಎರಡೂ ಕೀ ಕೇಳಿ ಪಡೆಯಿರಿ. ಕಾರು ಕಳುವಾದರೆ ವಿಮಾ ಕಂಪನಿಯವರೂ ಎರಡೂ ಕೀ ಕೇಳುತ್ತಾರೆ.

3. ರಿಮೋಟ್ ಸತ್ತಿತು ಎನ್ನುವ ಮೊದಲು ಸೆಲ್ ಬದಲಿಸಿ. ಅನೇಕ ಕೀಗಳಿಗೆ ಸಿಆರ್ 2032 ಸಾಕು; ಹಳೆಯ ಸೆಲ್ಲಿನ ಮೇಲಿನ ಸಂಖ್ಯೆ ನೋಡಿಯೇ ತನ್ನಿ.

4. ಕವಚ ಮಾತ್ರ ಒಡೆದಿದ್ದರೆ ಹೊಸ ಕವಚ ಸಾಕು, ಪ್ರೋಗ್ರಾಂ ಬೇಡ. ಆದರೆ ಕೆಲವು ಕೀಗಳಲ್ಲಿ ಚಿಪ್ ಹಳೆಯ ಕವಚದ ಮೂಲೆಯಲ್ಲೇ ಅಂಟಿಕೊಂಡಿರುತ್ತದೆ. ಅದನ್ನು ಕಸದ ಬುಟ್ಟಿಗೆ ಎಸೆದರೆ ಇಂಜಿನ್ ಸ್ಟಾರ್ಟ್ ಆಗದು.

5. ಆನ್‌ಲೈನಿನಲ್ಲಿ ಅಗ್ಗದ ರಿಮೋಟ್ ತರಿಸುವ ಮುನ್ನ ರೇಡಿಯೋ ತರಂಗಾಂತರವೂ ಚಿಪ್ಪಿನ ಬಗೆಯೂ ಹೊಂದುತ್ತವೆಯೇ ನೋಡಿ. ಬೇರೆ ಕಾರಿನಲ್ಲಿ ಬಳಸಿದ ಕೀ ಹಲವು ಸಲ ಮತ್ತೆ ಪ್ರೋಗ್ರಾಂ ಆಗುವುದಿಲ್ಲ.

6. ಹೊಸ ಕೀ ಸೇರಿಸಲು ಹೋಗುವಾಗ ಇರುವ ಎಲ್ಲ ಕೀಗಳನ್ನೂ ಒಯ್ಯಿರಿ. ಕೆಲವು ಕಾರುಗಳಲ್ಲಿ ಆ ಹೊತ್ತಿಗೆ ಹಾಜರಿಲ್ಲದ ಕೀ ಪಟ್ಟಿಯಿಂದ ಅಳಿಸಿಹೋಗುತ್ತದೆ.

ನಾವು ಬೀಗದ ಕೈ ಎನ್ನುವುದನ್ನು ಸೊಲ್ಲಾಪುರದವರು ಕೀಲಿಕೈ ಎನ್ನುತ್ತಾರೆ. ಹೆಸರು ಯಾವುದಾದರೂ ಅದು ಮನೆಯ ಯಜಮಾನನ ಕೈಯಲ್ಲಿರಬೇಕಾದ ವಸ್ತು. ನೋಂದಾಯಿತ ಸ್ಥಳೀಯ ಮೆಕ್ಯಾನಿಕ್‌ಗಳಿಗೆ ಲೆಕ್ಕವಿಟ್ಟು ಕೀ ಸಂಖ್ಯೆ ಕೊಡುವ ಕ್ರಮ ನಮ್ಮಲ್ಲೂ ಬರಲಿ ಎಂದು ಗ್ರಾಹಕ ವ್ಯವಹಾರಗಳ ಇಲಾಖೆಗೆ ಮನವಿಯ ಕರಡು ಸಿದ್ಧಪಡಿಸುತ್ತಿದ್ದೇನೆ. ಇಂಥ ತೊಂದರೆ ಅನುಭವಿಸಿದ ಸದಸ್ಯರು ಊರು, ಕಾದ ದಿನಗಳು, ಬಿಲ್ಲಿನ ನಕಲು ಇಷ್ಟನ್ನು ಮುಂದಿನ ಮಾಸಿಕ ಸಭೆಯೊಳಗೆ ತಲುಪಿಸಿದರೆ ಮನವಿಗೆ ಬಲ ಬರುತ್ತದೆ. ನನ್ನ ಬಿಲ್ಲನ್ನು ಮೊದಲನೆಯದಾಗಿ ಕಡತಕ್ಕೆ ಸೇರಿಸಿದ್ದೇನೆ.

ಇತಿ,
ಕಾರ್ಯದರ್ಶಿ