ಖುರ್ಚಿಯ ತಳದ ಛಾಪು

ಹಳೆಯ ಸಾಮಾನಿನ ಅಂಗಡಿಗೆ ಹೋದರೆ ಈಗೀಗ ಖುರ್ಚಿಯ ಮೇಲೆ ಕೂತು ನೋಡಿರಿ ಎನ್ನುವವರಿಲ್ಲ. ಮೊದಲು ಬೋರಲು ಹಾಕಿ ತಳ ತೋರಿಸುತ್ತಾರೆ. “ಅಕ್ಕಾರ, ಇಲ್ಲಿ ನೋಡ್ರಿ, ಛಾಪಾ ಐತಿ. ಅಸಲಿ ಮಿಡ್ ಸೆಂಚುರಿ ಮಾಲು,” ಎಂದು ಬೆಳಗಾವಿಯ ಒಬ್ಬ ವ್ಯಾಪಾರಿ ನನಗೂ ಹೇಳಿದ. ಕಳೆದ ಶತಮಾನದ ನಡುಭಾಗದ, ಅಂದರೆ ಸುಮಾರು 1945ರಿಂದ 1970ರ ತನಕದ, ಸರಳ ಗೆರೆಗಳ ಸಾಮಾನಿಗೆ ಈ ಹೆಸರು. ಛಾಪಿದ್ದರೆ ಬಂಗಾರದ ಬೆಲೆ, ಇಲ್ಲದಿದ್ದರೆ ಉರುವಲಿನ ಬೆಲೆ. ಈ ಲೆಕ್ಕವೇ ತಪ್ಪು ಎಂದು ನನ್ನ ತಕರಾರು.

ಈ ಛಾಪಿನ ಹುಚ್ಚಿಗೆ ಚಂಡೀಗಡದ ಕಥೆಯೂ ಒಂದು ಕಾರಣ. ಲೆ ಕಾರ್ಬೂಸಿಯೆ ಅವರ ಸೋದರಸಂಬಂಧಿ ಪಿಯರ್ ಜನ್ನರೆ 1951ರಿಂದ 1965ರ ತನಕ ಅಲ್ಲಿದ್ದು ಹೊಸ ನಗರ ಕಟ್ಟಿಸಿದರು. ಕಚೇರಿ, ಕಾಲೇಜುಗಳಿಗೆ ತೇಗ ಮತ್ತು ಬೆತ್ತದ ಖುರ್ಚಿಗಳನ್ನೂ ರೂಪಿಸಿದರು. ಆ ಕೆಲಸದಲ್ಲಿ ಯೂಲಿ ಚೌಧರಿ ಎಂಬ ನಮ್ಮ ದೇಶದ ಮಹಿಳಾ ವಾಸ್ತುಶಿಲ್ಪಿಯ ಕೈಯೂ ಇತ್ತು. ಅವರ ಹೆಸರನ್ನು ಯಾವ ವ್ಯಾಪಾರಿಯೂ ನನಗೆ ಹೇಳಿಲ್ಲ! ಮುಂದೆ ಆ ಖುರ್ಚಿಗಳು ಮುರಿದು ಮಾಳಿಗೆ ಸೇರಿದವು, ಗುಜರಿಯ ದರಕ್ಕೆ ಹರಾಜಾದವು. ವಿದೇಶದ ವ್ಯಾಪಾರಿಗಳು ಕೊಂಡು, ತಿಕ್ಕಿ ತೊಳೆದು, ಅಲ್ಲಿ ಲಕ್ಷಗಟ್ಟಲೆಗೆ ಮಾರಿದರು. ಕೇಂದ್ರ ಗೃಹ ಖಾತೆ ಮಾರಾಟಕ್ಕೆ ತಡೆ ಹಾಕಿದ್ದು 2011ರಲ್ಲಿ.

ಆ ಖುರ್ಚಿಗಳ ಹಿಂಬದಿಯಲ್ಲಿ ಬಣ್ಣದಲ್ಲಿ ಬರೆದದ್ದೇನು? ಕಚೇರಿಯ ಹೆಸರಿನ ಮೊದಲ ಅಕ್ಷರಗಳು, ಒಂದು ಸಂಖ್ಯೆ. ಅದನ್ನು ಬರೆದವರು ರೂಪಿಸಿದವರಲ್ಲ, ಕೆತ್ತಿದ ಬಡಿಗರೂ ಅಲ್ಲ. ಲೆಕ್ಕ ಇಡುವ ಗುಮಾಸ್ತರು. ಪಕ್ಕದ ಕಚೇರಿಯವರು ಎತ್ತಿಕೊಂಡು ಹೋಗಬಾರದೆಂದು ಬರೆದರು. ಸ್ಟೀಲಿನ ಡಬ್ಬಿಯ ಮೇಲೆ ನಾವು ಹೆಸರು ಕೊರೆಸುತ್ತೇವಲ್ಲ, ಹಾಗೆ. ಹೆಸರು ನನ್ನದಿದ್ದ ಮಾತ್ರಕ್ಕೆ ಡಬ್ಬಿ ಮಾಡಿದವಳು ನಾನಾಗುತ್ತೇನೆಯೇ? ಒಂದು ತಗಡಿನ ಅಚ್ಚು, ಒಂದು ಕುಂಚ, ಸ್ವಲ್ಪ ಬಿಳಿ ಬಣ್ಣ ಇದ್ದರೆ ಯಾರೂ ಬರೆಯಬಹುದು. ಚಂಡೀಗಡದ ಹೆಸರಿನ ನಕಲಿ ಖುರ್ಚಿಗಳಿಗೂ ಅಕ್ಷರ, ಅಂಕಿ ಬರೆದೇ ಮಾರುತ್ತಾರೆ.

ಛಾಪು ಏನನ್ನೂ ಹೇಳುವುದಿಲ್ಲ ಎನ್ನುವಷ್ಟು ಹಟ ನನಗಿಲ್ಲ. ಓದಲು ಬಂದರೆ ಅದು ಕಾಲ ಹೇಳುತ್ತದೆ. ನಮ್ಮ ಸೀಮೆ 1956ರ ನವೆಂಬರ್ 1ರ ತನಕ ಮುಂಬಯಿಗೆ ಸೇರಿತ್ತು, ಅಲ್ಲಿಂದ 1973ರ ತನಕ ಮೈಸೂರು ರಾಜ್ಯ, ಆಮೇಲೆ ಕರ್ನಾಟಕ. ಮುಂಬಯಿ ಸರಕಾರದ ಹೆಸರಿನ ಮೇಲೆ ಮೈಸೂರಿನ ಹೆಸರು, ಅದರ ಮೇಲೆ ಇನ್ನೊಂದು ಬಣ್ಣ, ಹೀಗೆ ಪದರು ಪದರಾಗಿದ್ದರೆ ಅದು ನಂಬುವಂಥ ಸಾಕ್ಷಿ. ಪದರುಗಳನ್ನು ನಕಲು ಮಾಡುವ ತಾಳ್ಮೆ ಮೋಸಗಾರನಿಗೆ ಕಡಿಮೆ. ಅಂಗಡಿಯ ಚೀಟಿಯಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಆ ಚೀಟಿ 1972ರ ಆಗಸ್ಟ್ 15ಕ್ಕಿಂತ ಹಳೆಯದಲ್ಲ. ಪಿನ್‌ಕೋಡ್ ಬಂದದ್ದೇ ಅಂದು. ಇಂಗ್ಲಿಷಿನಲ್ಲಿ ‘ಬೆಲ್‌ಗಾಮ್’ ಎನ್ನುವ ಬದಲು ‘ಬೆಳಗಾವಿ’ ಎಂದು ಬರೆದ “ಐವತ್ತರ ದಶಕದ” ಸರಕಾರಿ ಮೇಜು ಕಂಡರೆ ನಕ್ಕು ಮುಂದೆ ಹೋಗಿರಿ, ಇಂಗ್ಲಿಷಿನಲ್ಲಿ ಹೆಸರು ಬದಲಾದದ್ದು 2014ರಲ್ಲಿ. ಕ್ಯಾಂಪಿನ ಕಡೆಯ ಸಾಮಾನಿನ ಮೇಲೆ ಎಂ.ಇ.ಎಸ್. ಎಂದಿದ್ದರೆ ಅದು ಮಿಲಿಟರಿ ಎಂಜಿನಿಯರ್ ಸರ್ವಿಸಿಸ್. ನಮ್ಮ ಊರಲ್ಲಿ ಆ ಮೂರಕ್ಷರ ಕೇಳಿದರೆ ಬೇರೆಯದೇ ನೆನಪಾಗುತ್ತದೆ, ಇರಲಿ.

ಇನ್ನೊಂದು ಮಾತು ಕೇಳಿಬರುತ್ತದೆ: “ಖಾನಾಪುರ ಕಾಡಿನ ಸಾಗವಾನಿ, ಅರಣ್ಯ ಖಾತೆಯ ಸುತ್ತಿಗೆ ಗುರುತು ಕಾಲಿನ ಮೇಲೇ ಐತಿ.” ಅರಣ್ಯದವರು ಸುತ್ತಿಗೆ ಗುರುತು ಹೊಡೆಯುವುದು ದಿಮ್ಮಿಗೆ. ದಿಮ್ಮಿಯನ್ನು ಕೊಯ್ದು, ರಂದಾ ಹೊಡೆದು, ಕಾಲು ಮಾಡಿದ ಮೇಲೂ ಗುರುತು ಎದ್ದು ಕಾಣುವಂತೆ ಉಳಿದಿದೆ ಎಂದರೆ ಅದು ಆಮೇಲೆ ಹೊಡೆದ ಗುರುತು.

ಹಾಗಾದರೆ ಏನು ನೋಡಬೇಕು? ಕೂಡಿಕೆ ನೋಡಬೇಕು. ಒಂದು ಕಟ್ಟಿಗೆಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಇನ್ನೊಂದರ ತೂತಿನಲ್ಲಿ ಕೂಡಿಸಿ, ಅಡ್ಡಲಾಗಿ ಮರದ ಮೊಳೆ ಹೊಡೆದಿದ್ದಾರೆಯೇ? ಸಂದಿಯಲ್ಲಿ ಬಿಳಿ ಅಂಟು ಉಕ್ಕಿ ಒಣಗಿದೆಯೇ? ಫೆವಿಕಾಲ್ ಬಂದದ್ದು 1959ರಲ್ಲಿ. ಅದು ಆಮೇಲಿನ ರಿಪೇರಿಯೂ ಇರಬಹುದು, ಕೇಳಬೇಕು. ಕೈಯಿಟ್ಟ ಜಾಗ ಸವೆದು, ಕೈ ತಾಗದ ಒಳಬದಿ ಒರಟಾಗಿರಬೇಕು. ಎಲ್ಲ ಕಡೆಗೂ ಒಂದೇ ಸಮ “ಹಳೆಯ”ದಾದದ್ದು ಸಾಮಾನ್ಯವಾಗಿ ಹೋದ ತಿಂಗಳು ಹಳೆಯದಾದದ್ದು. ಬೆರಳಿನಿಂದ ಒಳಬದಿ ಸವರುವುದಕ್ಕೆ ಯಾವ ಪರಿಣತಿಯೂ ಬೇಡ, ರೊಟ್ಟಿ ಬಡಿಯುವ ಕೈ ಸಾಕು.

ಇಷ್ಟು ಕೊಳ್ಳುವವರ ಮಾತಾಯಿತು. ನನಗೆ ಹೆಚ್ಚು ಸಿಟ್ಟು ಇರುವುದು ನಮ್ಮ ಸರಕಾರಿ ಶಾಲೆ, ಕಚೇರಿಗಳ ಮೇಲೆ. ಛಾಪನ್ನು ನಿಜ ಮಾಡುವ ವಸ್ತು ಒಂದೇ: ಡೆಡ್ ಸ್ಟಾಕ್ ರಜಿಸ್ಟರ್. ಶಾಲೆಯಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು: ಇಂಥ ದಿನ, ಇಂಥ ಬೆಲೆಗೆ, ಇಂಥವರಿಂದ ಇಷ್ಟು ಖುರ್ಚಿ ಬಂತು ಎಂದು ಅದರಲ್ಲಿ ಬರೆದಿರುತ್ತದೆ. ಖುರ್ಚಿಯ ಮೇಲಿನ ಸಂಖ್ಯೆ ಆ ಪುಸ್ತಕದ ಸಂಖ್ಯೆಗೆ ಕೂಡಿದರೆ ಮಾತ್ರ ಅದು ಪುರಾವೆ. ಖಾನಾಪುರ ತಾಲೂಕಿನ ಒಂದು ಶಾಲೆಯಲ್ಲಿ ನನ್ನ ಕಣ್ಣೆದುರೇ ಹರಾಜಾಯಿತು. “ಹಳೆಯ ಕಟ್ಟಿಗೆ ಸಾಮಾನು, ಒಂದು ಲಾಟು” ಎಂದಷ್ಟೇ ಬರೆದುಕೊಂಡರು. ಗೆದ್ದಲು ತಿಂದ ಬೆಂಚೂ ಅದರಲ್ಲೇ, ಮುಂಬಯಿ ಕಾಲದ ಅಚ್ಚುಕಟ್ಟಾದ ಕೈಖುರ್ಚಿಯೂ ಅದರಲ್ಲೇ. ಹಳೆಯ ರಜಿಸ್ಟರುಗಳು ರದ್ದಿಗೆ ಹೋದವು. ಸಾಮಾನು ಟೆಂಪೋ ಹತ್ತಿ ಗೋವಾದ ಕಡೆ ಹೋಯಿತು.

“ಮಕ್ಕಳಿಗೆ ಹೊಸಾ ಡೆಸ್ಕ ಬೇಕ್ರಿ ಅಕ್ಕಾರ, ನಿಮಗ ಹಳೇದರ ಚಿಂತಿ,” ಎಂದರು ಹಿರಿಯ ಸಹೋದ್ಯೋಗಿಯೊಬ್ಬರು. ಹೊಸ ಡೆಸ್ಕ್ ಬೇಡವೆಂದು ನಾನೆಲ್ಲಿ ಹೇಳಿದೆ? ಆ ಕೈಖುರ್ಚಿಯ ನಿಜವಾದ ಬೆಲೆ ಬಂದಿದ್ದರೆ ಇನ್ನೂ ನಾಲ್ಕು ಡೆಸ್ಕ್ ಬರುತ್ತಿದ್ದವು. ಚಂಡೀಗಡ ಕಲಿತ ಪಾಠವನ್ನು ನಾವೂ ಕಳಕೊಂಡೇ ಕಲಿಯಬೇಕೆ?

ಹರಾಜಿನ ಮುಂಚೆ ಒಬ್ಬ ಬಲ್ಲ ಬಡಿಗರನ್ನು ಕರೆಸಿ ಒಂದೊಂದನ್ನೂ ಬೇರೆ ಮಾಡಿಸಲಿ. ಹಳೆಯ ಅಕ್ಷರಗಳನ್ನು ಕೆರೆಯದೆ, ಮೇಲೆ ಬಣ್ಣ ಬಳಿಯದೆ ಬಿಡಲಿ. ರಜಿಸ್ಟರಿನ ಆ ಪುಟದ ಝೆರಾಕ್ಸ್ ಪ್ರತಿಯನ್ನು ಕೊಂಡವನಿಗೂ ಕೊಡಲಿ, ಮೂಲವನ್ನು ಕಪಾಟಿನಲ್ಲಿ ಇಡಲಿ. ಖರ್ಚು ಎರಡು ರೂಪಾಯಿ. ಮನೆಯ ಹೆಣ್ಣುಮಕ್ಕಳಿಗೂ ಇದನ್ನೇ ಹೇಳುತ್ತೇನೆ: ಅಜ್ಜಿಯ ತೊಟ್ಟಿಲು, ಅಪ್ಪನ ಮೇಜು ಎತ್ತಿಕೊಂಡು ಹೋಗಲು ಬಂದವನು ತಳ ನೋಡಿ “ಛಾಪಾ ಇಲ್ಲರಿ ಬಾಯಾರ, ಕಟ್ಟಿಗಿ ರೇಟ ಕೊಡ್ತೀನಿ” ಎಂದರೆ ಬಾಗಿಲು ಹಾಕಿಕೊಳ್ಳಿರಿ. ಮನೆಗೇ ಕರೆಸಿ ಮಾಡಿಸಿದ ಸಾಮಾನಿಗೆ ಛಾಪು ಹಾಕುವವರು ಯಾರಿದ್ದರು? ಖಾನಾಪುರದ ಬಡಿಗರು ಅಂಗಳದಲ್ಲಿ ಕೂತು ಮಾಡಿಕೊಟ್ಟು, ಜೋಳ ತಗೊಂಡು ಹೋದರು. ಅವರ ಹೆಸರು ಗೊತ್ತಿರುವ ಹಿರಿಯರು ಮನೆಯಲ್ಲಿ ಇನ್ನೂ ಇದ್ದರೆ ಕೇಳಿ, ಒಂದು ಚೀಟಿಯಲ್ಲಿ ಬರೆದು, ಮೇಜಿನ ಖಾನೆಯ ಒಳಗೆ ಅಂಟಿಸಿರಿ.